23ನೇ ನಂಬರಿನ ಸೂಜಿ

ದಾವಣಗೆರೆಯ ಹಳೇಪೇಟೆಯಲ್ಲಿ ನನ್ನದೊಂದು ಸಣ್ಣ ಟೈಲರಿಂಗ್ ಅಂಗಡಿ. ಹೋದ ವರ್ಷ ಶ್ರಾವಣದಲ್ಲಿ ಅಂಗಡಿಯ ಕನ್ನಡಿ ಮುಂದೆ ನಿಂತು ನೀರು ಕುಡಿಯುತ್ತಿದ್ದೆ. ಗುಟುಕಿನ ಜೊತೆ ನನ್ನ ಕುತ್ತಿಗೆಯಲ್ಲೊಂದು ಗಂಟು ಮೇಲೆದ್ದು ಕೆಳಗಿಳಿಯಿತು. ದಿನಾ ಇನ್ನೊಬ್ಬರ ಕುತ್ತಿಗೆಗೆ ಟೇಪು ಹಿಡಿಯುವವಳು ನನ್ನದನ್ನು ಸರಿಯಾಗಿ ನೋಡಿದ್ದು ಅವತ್ತೇ.

ಸ್ಕ್ಯಾನಿಂಗ್‌ನಲ್ಲಿ ಥೈರಾಯ್ಡಿನ ಬಲಗಡೆ 1.8 ಸೆಂ.ಮೀ. ಗಂಟು ಎಂದು ಬಂತು. ಥೈರಾಯ್ಡ್ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ನೋಡುವ ರಕ್ತದ ಟಿಎಸ್‌ಎಚ್ ಸರಿಯಾಗಿಯೇ ಇತ್ತು. ಡಾಕ್ಟರು ಎಫ್‌ಎನ್‌ಎಸಿ, ಅಂದರೆ ಗಂಟಿಗೆ ಸೂಜಿ ಚುಚ್ಚಿ ಕೋಶ ತೆಗೆದು ನೋಡುವ ಪರೀಕ್ಷೆ, ಮಾಡಿಸಿ ಎಂದು ಚೀಟಿ ಬರೆದುಕೊಟ್ಟರು. ಆ ಚೀಟಿ ನನ್ನ ಅಳತೆ ಪುಸ್ತಕದೊಳಗೆ ಐದು ತಿಂಗಳು ಕೂತಿತು.

“ಗಂಟಿಗೆ ಸೂಜಿ ಚುಚ್ಚಿಸಬ್ಯಾಡವ್ವ, ಮೈಯೆಲ್ಲಾ ಹರಡತೈತಿ” ಎಂದರು ಪಕ್ಕದ ಮನೆಯ ಅಜ್ಜಿ. ನಮ್ಮ ಮನೆಯಲ್ಲೂ ಅದೇ ಮಾತು. ಸೋದರತ್ತೆಗೆ ಸೂಜಿ ಹಾಕಿದ ಮೇಲೇ ಕಾಯಿಲೆ ಜೋರಾಯಿತು ಎಂದು ಇವತ್ತಿಗೂ ಹೇಳುತ್ತಾರೆ. ಆದರೆ ಅತ್ತೆ ಎದೆಯ ಗಂಟನ್ನು ಎರಡು ವರ್ಷ ಸೆರಗಿನಡಿ ಮುಚ್ಚಿಟ್ಟುಕೊಂಡಿದ್ದಳು. ಅದನ್ನು ಮಾತ್ರ ಯಾರೂ ಹೇಳುವುದಿಲ್ಲ. ಒಂದು ರಾತ್ರಿ ಅದು ನೆನಪಾಗಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಚೀಟಿ ಹಿಡಿದು ಹೊರಟೆ, ತಂಗಿ ಜೊತೆಗೆ ಬಂದಳು.

ಉಪವಾಸ ಬೇಕಿರಲಿಲ್ಲ, ಇಡ್ಲಿ ತಿಂದೇ ಹೋಗಿದ್ದೆ. ರಕ್ತ ತೆಳುವಾಗುವ ಮಾತ್ರೆ ನುಂಗುತ್ತೀರಾ ಎಂದು ಎರಡೆರಡು ಸಲ ಕೇಳಿದರು. ಹೃದಯಕ್ಕೆಂದು ಆಸ್ಪಿರಿನ್, ಕ್ಲೋಪಿಡೊಗ್ರೆಲ್ ತಗೊಳ್ಳುವವರು ಮೊದಲೇ ಹೇಳಬೇಕಂತೆ, ತಾವಾಗಿಯೇ ನಿಲ್ಲಿಸಬಾರದಂತೆ.

ಹೆಗಲ ಕೆಳಗೆ ದಿಂಬಿಟ್ಟು ಮಲಗಿಸಿದರು, ತಲೆ ಹಿಂದಕ್ಕೆ ವಾಲಿತು. ಡಾಕ್ಟರಮ್ಮನ ಕೈಯಲ್ಲಿದ್ದ ಸೂಜಿ ನೋಡಿ ನನಗೆ ತಡೆಯಲಾಗಲಿಲ್ಲ.

“ಎಷ್ಟನೇ ನಂಬರ್ ಮೇಡಂ?”

“ಇಪ್ಪತ್ಮೂರು.”

ಎದೆ ಝಲ್ಲೆಂದಿತು. ನನ್ನ ಮಿಷನ್ನಿಗೆ ರವಿಕೆ ಬಟ್ಟೆಗೆ 14, ದಪ್ಪ ಬಟ್ಟೆಗೆ 16, ನಂಬರ್ ಹೆಚ್ಚಿದಷ್ಟೂ ಸೂಜಿ ದಪ್ಪ. ಹಾಗಂದೆ. “ನಮ್ಮದು ತಿರುಗಾ ಮುರುಗಾ ಅಮ್ಮ, ನಂಬರ್ ಹೆಚ್ಚಾದಷ್ಟೂ ತೆಳು” ಎಂದು ಹತ್ತಿರ ಹಿಡಿದು ತೋರಿಸಿದರು. ನಿಜ, ನನ್ನ ಹದಿನಾಲ್ಕರ ಸೂಜಿಗಿಂತ ತೆಳ್ಳಗಿತ್ತು. ಹರಡುವ ಭಯವನ್ನೂ ಬಾಯಿಬಿಟ್ಟು ಕೇಳಿಯೇಬಿಟ್ಟೆ. ಥೈರಾಯ್ಡಿನಲ್ಲಿ ಹಾಗಾಗುವುದು ತೀರಾ ಅಪರೂಪ, ಗಂಟು ಏನೆಂದು ತಿಳಿಯದೆ ಕೂರುವುದರಲ್ಲೇ ಅಪಾಯ ಹೆಚ್ಚು ಎಂದರು. ಆ ಮಾತನ್ನು ಐದು ತಿಂಗಳ ಹಿಂದೆಯೇ ಕೇಳಬೇಕಿತ್ತು ನಾನು.

“ಸೂಜಿ ಒಳಗಿರುವಾಗ ಉಗುಳು ನುಂಗಬೇಡಿ, ಮಾತಾಡಬೇಡಿ, ಕೆಮ್ಮು ಬಂದರೆ ಕೈ ಎತ್ತಿ.” ಅರಿವಳಿಕೆ ಕೊಡಲಿಲ್ಲ. ತಣ್ಣನೆಯ ಜೆಲ್, ಸ್ಕ್ಯಾನಿಂಗ್ ಯಂತ್ರದ ಒತ್ತಡ, ಆಮೇಲೆ ಚುರ್ ಎಂದಿತು. ರಕ್ತ ಪರೀಕ್ಷೆಗೆ ಚುಚ್ಚಿದಷ್ಟೇ ನೋವು. ಒಳಗೆ ಹೋದ ಮೇಲೆ ಸೂಜಿಯನ್ನು ಸಣ್ಣಗೆ ಹಿಂದೆ ಮುಂದೆ ಆಡಿಸುತ್ತಾರಲ್ಲ, ಅದು ಮಾತ್ರ ವಿಚಿತ್ರ. ನೋವಿಗಿಂತ ಒತ್ತಿದ ಹಾಗೆ, ಕಿವಿಯ ಬುಡದವರೆಗೆ ಎಳೆದ ಹಾಗೆ. ಗಂಟಿನ ಬೇರೆ ಬೇರೆ ಕಡೆಯಿಂದ ಕೋಶ ಬೇಕೆಂದು ಮೂರು ಸಲ ಚುಚ್ಚಿದರು. ಪ್ರತಿ ಸಲವೂ ಅರ್ಧ ನಿಮಿಷವೂ ಆಗಿರಲಿಕ್ಕಿಲ್ಲ. ನಾನು ತಂಗಿಯ ಬೆರಳು ಹಿಡಿದುಕೊಂಡಿದ್ದೆ.

ಆಮೇಲೆ ತಲೆ ಹೊರಳಿಸಿ ನೋಡಿದೆ. ಗಾಜಿನ ಪಟ್ಟಿಯ ಮೇಲೆ ಸಾಸಿವೆಯಷ್ಟು ಕೆಂಪು ಹನಿ. ಇನ್ನೊಂದು ಪಟ್ಟಿ ಅದರ ಮೇಲಿಟ್ಟು ಹಗುರಾಗಿ ಜಾರಿಸಿದರೆ ಹನಿ ತೆಳ್ಳನೆಯ ಪೊರೆಯಾಯಿತು. ಕೆಲವನ್ನು ಕೂಡಲೇ ಸ್ಪಿರಿಟ್ಟಿನಲ್ಲಿ ಮುಳುಗಿಸಿದರು, ಕೆಲವನ್ನು ಗಾಳಿಗೆ ಒಣಗಲು ಬಿಟ್ಟರು. ಐದು ತಿಂಗಳು ನನ್ನ ನಿದ್ದೆ ಕೆಡಿಸಿದ್ದು ಅಷ್ಟೇ ಅಷ್ಟು.

ಹತ್ತು ನಿಮಿಷ ಹತ್ತಿ ಒತ್ತಿ ಕೂತೆ. ಊತ ಏರುತ್ತಾ ಹೋದರೆ, ಉಸಿರಾಡಲು ಕಷ್ಟವಾದರೆ ತಕ್ಷಣ ಬನ್ನಿ ಎಂದರು. ಹಾಗೇನೂ ಆಗಲಿಲ್ಲ, ಮೂರು ದಿನ ನೀಲಿ ಕಲೆ ಇತ್ತು. ಮಧ್ಯಾಹ್ನಕ್ಕೇ ಮಿಷನ್ ಮುಂದೆ ಕೂತಿದ್ದೆ.

ಕಷ್ಟವಾಗಿದ್ದು ರಿಪೋರ್ಟಿಗೆ ಕಾದ ಮೂರು ದಿನ. ಡಾಕ್ಟರಮ್ಮ ಮೊದಲೇ ಹೇಳಿದ್ದರು: ಥೈರಾಯ್ಡಿನ ರಿಪೋರ್ಟಿನಲ್ಲಿ ಬೆಥೆಸ್ಡಾ ಎಂದು ಆರು ದರ್ಜೆ. ಒಂದು ಬಂದರೆ ಕೋಶ ಸಾಲದು, ಮತ್ತೆ ತೆಗೆಯಬೇಕು, ಅದರಿಂದ ಗಾಬರಿಯಾಗಬೇಡಿ. ಆರು ಬಂದರೆ ಕ್ಯಾನ್ಸರ್. ನಡುವಿನ ಕೆಲವು ಗಂಟುಗಳನ್ನು ಸೂಜಿಯಿಂದ ತೀರ್ಮಾನಿಸಲಾಗುವುದಿಲ್ಲ. ಕೋಶಗಳು ಗಂಟಿನ ಹೊರಪೊರೆ ದಾಟಿವೆಯೇ ಎಂದು ನೋಡಲು ಆಪರೇಷನ್ ಮಾಡಿ ತೆಗೆದೇ ನೋಡಬೇಕು.

ನನ್ನದು ಎರಡನೇ ದರ್ಜೆ. ಕ್ಯಾನ್ಸರಿನ ಗಂಟಲ್ಲ. ತಂಗಿ ಆಸ್ಪತ್ರೆಯ ಮೆಟ್ಟಿಲ ಮೇಲೆಯೇ ಕೂತು ಅತ್ತಳು. ನನಗೆ ಅತ್ತೆಯ ಸೆರಗು ಕಣ್ಣಿಗೆ ಕಟ್ಟಿತು. ಒಂದು ವರ್ಷ ಬಿಟ್ಟು ಮತ್ತೆ ಸ್ಕ್ಯಾನಿಂಗ್ ಮಾಡಿಸಬೇಕು, ಬೆಳೆದಿದ್ದರೆ ಮತ್ತೆ ಸೂಜಿ.

ಅಂಗಡಿಗೆ ಬಂದು ಅಳತೆ ಪುಸ್ತಕ ತೆರೆದೆ. ಹೊಸ ಪುಟದಲ್ಲಿ ನನ್ನ ಹೆಸರು ಬರೆದು, ಕೆಳಗೆ “ಗಂಟು 1.8” ಎಂದು ಗುರುತು ಹಾಕಿ, ಪಕ್ಕದಲ್ಲಿ ಮುಂದಿನ ವರ್ಷದ ತಾರೀಖು ಬರೆದಿಟ್ಟೆ.