ಗ್ಯಾರೇಜ್ ಕಾಕಾ ಮತ್ತು ತೇಲುವ ಬ್ರಿಡ್ಜ್

28 ಏಪ್ರಿಲ್ 2024, ರವಿವಾರ
ಕಲಬುರಗಿ

ನನ್ನ ಗಿಟಾರಿನ ಬ್ರಿಡ್ಜ್ (ತಂತಿಗಳ ಬುಡ ಹಿಡಿದಿಡುವ ಲೋಹದ ಭಾಗ) ನೋಡಿ ಗ್ಯಾರೇಜ್ ಕಾಕಾ ಇವತ್ತು ಕೇಳಿದ್ದು ಇನ್ನೂ ತಲೆಯಲ್ಲೇ ಕೂತಿದೆ. “1954ರಿಂದ ಹಿಂಗೇ ಅದ ಅಂತೀರಿ. ಎಪ್ಪತ್ತು ವರ್ಷ ಆತು. ಯಾರಿಗೂ ಇದನ್ನ ಸರಿ ಮಾಡ್ಲಿಕ್ಕ ಬರ್ಲಿಲ್ಲೇನ್ರಿ ಮಾಸ್ತರ್ರ?”

ಕೆಟ್ಟಿದ್ದರೆ ತಾನೇ ಸರಿ ಮಾಡೋದು, ಸ್ಟ್ರಾಟ್ (ಫೆಂಡರ್ ಕಂಪನಿಯ ಸ್ಟ್ರಾಟೋಕಾಸ್ಟರ್ ಎಲೆಕ್ಟ್ರಿಕ್ ಗಿಟಾರ್) ಹುಟ್ಟಿದ್ದೇ ಹೀಗೆ ಅಂದೆ. ಕಾಕಾ ನಂಬಲಿಲ್ಲ.

10ನೇ ತಾರೀಕು ಬಸವ ಜಯಂತಿ. ಓಣಿಯ ಕಾರ್ಯಕ್ರಮದಲ್ಲಿ ವಚನ ಹಾಡುವವರ ಹಿಂದೆ ನನ್ನ ಗಿಟಾರೂ ಇರುತ್ತದೆ. (“ವಚನಕ್ಕ ಕರೆಂಟಿನ ಗಿಟಾರ್ ಯಾಕ?” ಅಂತ ಹಿರಿಯರು ಈ ಸಲವೂ ಕೇಳಿದ್ದಾರೆ. ಕೇಳಲಿ.) ಒಂಬತ್ತರ ತಂತಿ (ಸೆಟ್ಟಿನ ಅತಿ ತೆಳು ತಂತಿ 0.009 ಇಂಚು ದಪ್ಪ) ನನ್ನ ಕೈಗೆ ತೀರಾ ತೆಳು, ಸ್ವಲ್ಪ ಗಟ್ಟಿ ಒತ್ತಿದರೆ ಸ್ವರವೇ ಏರುತ್ತೆ. ಅದಕ್ಕೇ ಹತ್ತರ ಸೆಟ್ ಹಾಕಿದೆ. ಗಲಾಟೆ ಶುರುವಾಗಿದ್ದು ಅಲ್ಲಿಂದ.

ಈ ಬ್ರಿಡ್ಜ್ ಗಟ್ಟಿಯಾಗಿ ಕೂತಿರೋದಿಲ್ಲ. ಮುಂದಿನ ಅಂಚು ಸ್ಕ್ರೂಗಳಿಗೆ ಒರಗಿರುತ್ತೆ, ಹಿಂದಿನ ಅಂಚು ಗಾಳಿಯಲ್ಲಿ. ಮೇಲೆ ಆರು ತಂತಿ ಒಂದು ಕಡೆ ಎಳೆಯುತ್ತವೆ, ಗಿಟಾರಿನ ಬೆನ್ನೊಳಗಿನ ಸ್ಪ್ರಿಂಗು ಇನ್ನೊಂದು ಕಡೆ. ಒಂಬತ್ತರ ಸೆಟ್ ಶ್ರುತಿಗೆ ಬಂದಾಗ ಎಳೆತ ಸುಮಾರು 38 ಕೆಜಿ. ಹತ್ತರದು 46ರ ಹತ್ತಿರ. ಅಷ್ಟು ಜಾಸ್ತಿಯಾದರೆ ಸ್ಪ್ರಿಂಗ್ ಸೋಲದೆ ಇನ್ನೇನು? ಬ್ರಿಡ್ಜಿನ ಹಿಂಭಾಗ ಎದ್ದು ನಿಂತಿತು. ತಂತಿಗಳೂ ಫ್ರೆಟ್ (ಗಿಟಾರಿನ ಕುತ್ತಿಗೆಯ ಮೇಲಿನ ಅಡ್ಡಪಟ್ಟಿ) ಬಿಟ್ಟು ಮೇಲೆದ್ದವು. ದಪ್ಪ ತಂತಿ ಶ್ರುತಿ ಮಾಡಿದರೆ ಉಳಿದವು ಇಳಿಯುತ್ತವೆ. ಅವನ್ನು ಏರಿಸಿದರೆ ದಪ್ಪದ್ದು ಇಳಿಯುತ್ತೆ. ಸಾಲದ್ದಕ್ಕೆ ಹೊರಗೆ ಪ್ರಚಾರದ ಆಟೋ. ಫೋನಿನ ಟ್ಯೂನರ್ ನನ್ನ ತಂತಿ ಬಿಟ್ಟು ಅಭ್ಯರ್ಥಿಯ ಹೆಸರಿಗೆ ಮುಳ್ಳು ಆಡಿಸುತ್ತಿತ್ತು. 7ನೇ ತಾರೀಕು ಮತದಾನ, 5ರ ಸಂಜೆ ಬಹಿರಂಗ ಪ್ರಚಾರ ಮುಗಿಯೋತನಕ ಇದೇ ಕತೆ.

ಬೆನ್ನಿನ ಮುಚ್ಚಳ ತೆಗೆದರೆ ಸ್ಪ್ರಿಂಗ್ ಹಿಡಿದ ಪಟ್ಟಿಯ ಸ್ಕ್ರೂ ಜಪ್ಪಯ್ಯ ಅಂದರೂ ತಿರುಗಲಿಲ್ಲ. ಉದ್ದನೆಯ ಸ್ಕ್ರೂಡ್ರೈವರ್ ಬೇಕಿತ್ತು. ಗಿಟಾರ್ ಹಿಡಿದುಕೊಂಡೇ ಕಾಕಾನ ಹತ್ತಿರ ಹೋದೆ. ಬಿಸಿಲು ಹೇಗಿತ್ತು ಅಂತ ಇಲ್ಲಿಯವರಿಗೆ ಹೇಳೋದೇ ಬೇಡ.

ಕಾಕಾ ಗಿಟಾರನ್ನು ಬೋರಲು ಮಲಗಿಸಿ, ಗ್ರೀಸ್ ಕೈ ಅರಿವೆಗೆ ಒರೆಸಿಕೊಂಡು, ಒಂದೊಂದೇ ಸ್ಪ್ರಿಂಗ್ ಬೆರಳಿಂದ ಒತ್ತಿ ನೋಡಿದರು. “ಕೊಕ್ಕಿ ಐದು ಅವ. ಸ್ಪ್ರಿಂಗ್ ಮೂರೇ ಯಾಕ?”

“ಜಾಸ್ತಿ ಹಾಕಿದ್ರ ಸ್ವರ ಏರಿಳಿಸೋ ಈ ಬಾರ್ ಬಿರುಸಾಗ್ತದ ಕಾಕಾ.”

“ಇರ್ಲಿ. ಒಂದು ತಂತಿ ಹರದ್ರ?”

“ಉಳಿದ ಐದೂ ಶ್ರುತಿ ಬಿಟ್ಟು ಮ್ಯಾಲ ಹೋಗ್ತಾವ.”

ಕಾಕಾ ನನ್ನ ಮುಖ ನೋಡಿದರು. “ಇದೆಂಥ ಗಾಡಿರಿ? ಒಂದು ಬೋಲ್ಟ್ ಕಳಚಿದ್ರ ಪೂರಾ ಗಾಡಿ ಮಲಗೋದು! ಸ್ಪ್ರಿಂಗ್ ಫುಲ್ ಟೈಟ್ ಮಾಡಿ ಕೂಡಿಸಿಬಿಡ್ರಿ.”

ತಪ್ಪೇನಿಲ್ಲ. ಎಷ್ಟೋ ಜನ ಬ್ರಿಡ್ಜನ್ನು ಮರಕ್ಕೆ ಒತ್ತಿ ಕೂರಿಸಿಯೇ ನುಡಿಸುತ್ತಾರೆ. ಆಗ ತಂತಿ ಹರಿದರೂ ಉಳಿದವು ಅಲುಗಾಡೋದಿಲ್ಲ. ಆದರೆ ಹಾಗೆ ಕೂರಿಸಿದರೆ ಸ್ವರ ಕೆಳಗಷ್ಟೇ ಇಳಿಯುತ್ತೆ, ಮೇಲೆ ಏರೋದಿಲ್ಲ. ವಚನ ಹಾಡುವವರು ಸ್ವರದ ಮೇಲೆ ನಿಂತು ಮೇಲೂ ಕೆಳಗೂ ತೂಗುತ್ತಾರೆ. ಅವರ ಹಿಂದೆ ನನ್ನದು ಬರೀ ಕೆಳಗೆ ಜಾರಿದರೆ ಕಿವಿಗೆ ಹಿಡಿಸೋದಿಲ್ಲ. ನನಗೆ ಅದು ತೇಲಲೇಬೇಕು. ಇದನ್ನು ಕಾಕಾನಿಗೆ ಬಾಯಲ್ಲಿ ಹೇಳೋಕೆ ಆಗಲಿಲ್ಲ, ಬಾರ್ ಹಿಡಿದು ಒಂದು ಸ್ವರ ಆಡಿಸಿ ತೋರಿಸಿದೆ. “ಹಾಂ” ಅಂದರು, ಅಷ್ಟೇ.

ಆಮೇಲೆ ತಾವೇ ಒಂದು ಖಾಲಿ ಪೆಟ್ಟಿಗೆಯಿಂದ ಕಟ್ಟಿಗೆ ಚೂರು ಮುರಿದು ಕಾನಸಿನಿಂದ ಉಜ್ಜಿದರು. “ನಿಮಗ ಎಷ್ಟು ಎತ್ತರ ಬೇಕೋ ಅಲ್ಲಿ ನಿಲ್ಲಸ್ರಿ. ಬ್ರಿಡ್ಜಿನ ಕೆಳಗಿನ ಈ ಲೋಹದ ಗಟ್ಟಿಯ ಹಿಂದ ಕಟ್ಟಿಗಿ ಸಿಗಸ್ರಿ, ಅಲುಗಾಡಬಾರದು. ತಂತಿ ಶ್ರುತಿ ಮಾಡ್ರಿ. ಆಮ್ಯಾಲ ಸ್ಪ್ರಿಂಗ್ ಬಿಗಿ ಮಾಡ್ತಾ ಹೋಗ್ರಿ. ಕಟ್ಟಿಗಿ ತಾನೇ ಬಿದ್ದಾಗ ನಿಲ್ಲಸ್ರಿ.”

ಗಿಟಾರ್ ರಿಪೇರಿಯವರು ಮಾಡೋದೂ ಇದನ್ನೇ! ಬಾಳಾ ಹೊತ್ತು ವಿಡಿಯೋ ನೋಡಿ ನಾನು ತಿಳಿದುಕೊಂಡಿದ್ದನ್ನು ಈ ಮನುಷ್ಯ ಶಾಕಪ್ ಬಿಚ್ಚುವ ಬುದ್ಧಿಯಿಂದಲೇ ಹೇಳಿಬಿಟ್ಟರು.

ಎತ್ತರ ಅಳೆಯಲು ಹಳೆಯ ಎಟಿಎಂ ಕಾರ್ಡ್ ಬಳಸಿದೆ. ನಾಲ್ಕು ಕಾರ್ಡ್ ಒಂದರ ಮೇಲೊಂದು ಇಟ್ಟರೆ 3 ಮಿಲಿಮೀಟರ್, ಬ್ರಿಡ್ಜಿನ ಹಿಂದಿನ ಅಂಚಿಗೆ ಬೇಕಾದದ್ದೂ ಹೆಚ್ಚುಕಡಿಮೆ ಅಷ್ಟೇ. ಎರಡೂ ಸ್ಕ್ರೂ ಅರ್ಧರ್ಧ ಸುತ್ತು ತಿರುಗಿಸುತ್ತಾ ಹೋದೆವು. ಒಂದು ಹಂತದಲ್ಲಿ ಟಪ್ ಅಂತ ಚೂರು ಕಾಕಾನ ತೊಡೆ ಮೇಲೆ ಬಿತ್ತು. ಇಬ್ಬರೂ ಮಕ್ಕಳ ಹಾಗೆ ನಕ್ಕೆವು.

ದುಡ್ಡು ತಗೊಳ್ಳಲಿಲ್ಲ. ಚಹಾ ತರಿಸಿದರು. ಕುಡಿಯುತ್ತಾ, “ಮಗ ಪುಣೆಯಿಂದ ಓಟಿಗೆ ಬರ್ತೀನಂದಾನ. ಬಂದ್ರ ನಿಮ್ಮ ಪ್ರೋಗ್ರಾಮ್ ತನಕ ಇರು ಅಂತೀನಿ” ಅಂದರು. ಹೋದ ಸಲ ಜಾತ್ರೆಗೂ ಬರ್ತೀನಿ ಅಂದಿದ್ದ ಹುಡುಗ. ನಾನೇನೂ ಕೇಳಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಹೆಡ್‌ಮಾಸ್ತರರ ಮೆಸೇಜು. ಚುನಾವಣೆ ಡ್ಯೂಟಿ ಆರ್ಡರ್ ನಾಳೆ ಬರುತ್ತಂತೆ. ಅಫಜಲಪುರದ ಕಡೆ ಬೀಳುತ್ತೋ, ಜೇವರ್ಗಿಯ ಯಾವ ಹಳ್ಳಿಯೋ. ಕೂಲರ್ ಬಿಡಿ, ಫ್ಯಾನ್ ಇದ್ದರೆ ಪುಣ್ಯ. 6ಕ್ಕೇ ಹೊರಡಬೇಕು, ವಾಪಸ್ ಬರುವಷ್ಟರಲ್ಲಿ 7ರ ನಡುರಾತ್ರಿ. ಅದಾದ ಮೇಲೆ ಪ್ರಾಕ್ಟೀಸಿಗೆ ಉಳಿಯೋದು 8, 9 ಮಾತ್ರ.

ಇಂಟೋನೇಷನ್ (ಎಲ್ಲ ಫ್ರೆಟ್‌ನಲ್ಲೂ ಸ್ವರ ಸರಿ ಬರುವಂತೆ ಹೊಂದಿಸೋದು) ಇನ್ನೂ ಬಾಕಿ. ಮೂರನೇ ತಂತಿ 12ನೇ ಫ್ರೆಟ್‌ನಲ್ಲಿ ಒತ್ತಿದರೆ ಸ್ವಲ್ಪ ಏರುತ್ತಿದೆ, ಬ್ರಿಡ್ಜಿನ ಮೇಲೆ ಆ ತಂತಿ ಕೂರುವ ಸ್ಯಾಡಲ್ ಹಿಂದಕ್ಕೆ ಸರಿಸಬೇಕು. ಸರಿಸಿದರೆ ಆ ತಂತಿಯ ಎಳೆತ ಬದಲಾಗುತ್ತೆ, ಅದು ಬದಲಾದರೆ ಉಳಿದ ಐದೂ ಮತ್ತೆ...