ಇಬೇ ಮಾರಾಟಗಾರರ ಸಿಟ್ಟು ನ್ಯಾಯವಾದದ್ದೇ

ಹೈದರಾಬಾದ್ ಸಂಸ್ಥಾನದ ಹಳೆಯ ಅಂಚೆಚೀಟಿಗಳೆಂದರೆ ನನಗೆ ಪ್ರಾಣ. ನ್ಯೂಜೆರ್ಸಿಯಲ್ಲಿದ್ದಾಗ ಇಬೇ ಎಂಬ ಆನ್‌ಲೈನ್ ಮಾರಾಟ ತಾಣದ ಹರಾಜಿನಲ್ಲೇ ಜಾಸ್ತಿ ಕೊಳ್ಳುತ್ತಿದ್ದೆ. ನನಗೆ ಮಾರುತ್ತಿದ್ದವರಲ್ಲಿ ಅನೇಕರು ನಿವೃತ್ತರು. ಒಂದೊಂದು ಚೀಟಿಯನ್ನೂ ಜೋಪಾನವಾಗಿ ಲಕೋಟೆಗೆ ಹಾಕಿ ಕಳಿಸುತ್ತಿದ್ದರು.

2008ರ ಜನವರಿಯಲ್ಲಿ ಕಂಪನಿ ಹೊಸ ದರ ಪ್ರಕಟಿಸಿತು. ಹರಾಜಿಗಿಡುವ ಶುಲ್ಕ ಕೆಲವೇ ಸೆಂಟ್ ಇಳಿಯಿತು. ಆದರೆ ಮಾರಾಟವಾದ ಮೇಲೆ ಕೊಡುವ ಕಮಿಷನ್, ಮೊದಲ 25 ಡಾಲರಿಗೆ, ಶೇ. 5.25ರಿಂದ 8.75ಕ್ಕೆ ಏರಿತು. ಅಂದರೆ 20 ಡಾಲರಿನ ಚೀಟಿಗೆ 1.05 ಡಾಲರ್ ಕೊಡುತ್ತಿದ್ದವರು ಆಮೇಲೆ 1.75 ಕೊಡಬೇಕಾಯಿತು. ಆನ್‌ಲೈನಿನಲ್ಲಿ ದುಡ್ಡು ಪಾವತಿಸುವ ಸೇವೆಯಾದ ಪೇಪಾಲ್‌ನ ಕಡಿತ ಬೇರೆ. ಆಗ ಅದೂ ಇಬೇ ಒಡೆತನದ್ದೇ, ಅಲ್ವಾ? ಸಣ್ಣ ಮೊತ್ತದ ವ್ಯಾಪಾರಿಗಳಿಗೇ ಏಟು ಜೋರಾಗಿ ಬಿತ್ತು.

ಜೊತೆಗೆ ಇನ್ನೊಂದು ನಿಯಮ: ಮೇ ತಿಂಗಳಿಂದ ಮಾರುವವರು ಕೊಳ್ಳುವವರ ಬಗ್ಗೆ ಕೆಟ್ಟ ಅಭಿಪ್ರಾಯ ಬರೆಯುವಂತಿಲ್ಲ. ಹರಾಜು ಗೆದ್ದು ದುಡ್ಡು ಕೊಡದೆ ಮಾಯವಾಗುವವರ ಬಗ್ಗೆ ಉಳಿದವರನ್ನು ಎಚ್ಚರಿಸುವುದು ಹೇಗೆ? ನನ್ನನ್ನು ಕೇಳಿದರೆ, ದರಕ್ಕಿಂತ ಇದೇ ದೊಡ್ಡ ಅನ್ಯಾಯ.

ಫೆಬ್ರವರಿ 18ರಿಂದ ಒಂದು ವಾರ ಮಾರಾಟಗಾರರು ಬಹಿಷ್ಕಾರ ಹೂಡಿದರು. ಆ ವಾರ ನಾನೂ ಬಿಡ್ ಮಾಡಲಿಲ್ಲ. 'ಇಷ್ಟವಿಲ್ಲದಿದ್ದರೆ ಬೇರೆ ಸೈಟಿಗೆ ಹೋಗಲಿ' ಎಂದವರೂ ಇದ್ದರು. ಸುಮ್ನೆ ಹಾಗೆ ಹೇಳಿಬಿಡಬಹುದು. ಆದರೆ ಗಿರಾಕಿಗಳು ಇರುವುದು ಅಲ್ಲಿ, ವರ್ಷಗಟ್ಟಲೆ ಗಳಿಸಿದ ಒಳ್ಳೆಯ ಹೆಸರಿರುವುದೂ ಅಲ್ಲೇ. ಅದನ್ನು ಹೊತ್ತುಕೊಂಡು ಇನ್ನೊಂದು ಕಡೆ ಹೋಗಲು ಆಗುವುದಿಲ್ಲ.