ವಾಣಿವಿಲಾಸ ಸಾಗರಕ್ಕೆ ದೋಣಿ ಎಳೆದುಕೊಂಡು ಹೋಗುವವರಿಗೆ

ಚಿತ್ರದುರ್ಗ ದಾಟಿ ಐಮಂಗಲದ ಕಡೆ ಹೋಗುತ್ತಿದ್ದಾಗ ಭಾವ, "ಏನೋ ಸುಟ್ಟ ವಾಸನೆ, ಗಾಡಿ ನಿಲ್ಲಿಸು" ಎಂದರು. ಇಳಿದು ನೋಡಿದರೆ ಟ್ರೇಲರ್‌ನ ಎಡ ಚಕ್ರದಿಂದ ಹೊಗೆ ಏಳುತ್ತಿತ್ತು. ಚಕ್ರದ ನಡುವಿನ ಹಬ್‌ನ ಮುಚ್ಚಳ ತೆಗೆದಾಗ ಗ್ರೀಸ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿತ್ತು, ಬೇರಿಂಗ್ ನೀಲಿಗಟ್ಟಿತ್ತು. ಹೆದ್ದಾರಿ ಪಕ್ಕದ ಮೆಕ್ಯಾನಿಕ್ ನಮ್ಮ ಅವಸರ ನೋಡಿಯೇ ಬೆಲೆ ಕಟ್ಟಿದ: 2,800 ರೂಪಾಯಿ. ದಾವಣಗೆರೆಯಲ್ಲಿ ನಾನು 400 ರೂಪಾಯಿಗೆ ತಂದಿದ್ದ ಬೇರಿಂಗ್ ಅದು. ಹೊಟ್ಟೆ ಇನ್ನೂ ಉರಿಯುತ್ತಿದೆ.

ಹಿಂದಿನ ಸಲ ದೋಣಿ ಇಳಿಸುವಾಗ, ಓಡಿ ಬಿಸಿಯಾಗಿದ್ದ ಚಕ್ರಗಳನ್ನು ನೇರವಾಗಿ ನೀರಿಗೆ ಇಳಿಸಿದ್ದೆವು. ಬಿಸಿ ಹಬ್ ತಟ್ಟನೆ ತಣ್ಣಗಾದರೆ ಒಳಗಿನ ಗಾಳಿ ಕುಗ್ಗಿ, ನೀರು ತಡೆಯುವ ಸೀಲಿನ ಸಂದಿಯಿಂದಲೇ ನೀರನ್ನು ಹೀರಿಕೊಳ್ಳುತ್ತದೆ. ಆದ್ದರಿಂದ ದಡ ಸೇರಿದ ಮೇಲೆ ಅರ್ಧ ಗಂಟೆ ಸುಮ್ಮನೆ ಕುಳಿತುಕೊಳ್ಳಿ. ದಾರಿಯಲ್ಲಿ ಮೂವತ್ತು ನಲವತ್ತು ಕಿಲೋಮೀಟರಿಗೊಮ್ಮೆ ಇಳಿದು ಹಬ್ ಹತ್ತಿರ ಅಂಗೈ ಹಿಡಿದು ನೋಡಿ. ಒಂದು ಚಕ್ರ ಇನ್ನೊಂದಕ್ಕಿಂತ ಹೆಚ್ಚು ಕಾದಿದ್ದರೆ ಮುಂದೆ ಹೋಗಬೇಡಿ. ಒಂದು ಜೊತೆ ಬೇರಿಂಗ್, ಸೀಲು, ಗ್ರೀಸ್ ಡಬ್ಬಿ ಜೊತೆಯಲ್ಲಿರಲಿ. ಟ್ರೇಲರ್ ಬಾಲದಂತೆ ಅಲ್ಲಾಡಿದರೆ ಭಾರ ಹಿಂದಕ್ಕೆ ಬಿದ್ದಿದೆ ಎಂದರ್ಥ. ಒಟ್ಟು ತೂಕದ ಹತ್ತರಲ್ಲೊಂದು ಪಾಲಾದರೂ ಗಾಡಿಗೆ ಸಿಕ್ಕಿಸುವ ಮುಂದಿನ ಕೊಕ್ಕೆಯ ಮೇಲಿರಬೇಕು. ಪೆಟ್ರೋಲ್ ಡಬ್ಬಿಯನ್ನು ಮುಂದಕ್ಕೆ ಸರಿಸಿದ್ದರಿಂದಲೇ ನಮ್ಮದು ಸರಿಹೋಯಿತು.

ಹಿರಿಯೂರಿನಲ್ಲಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನಾಲ್ಕೇ ಬೆಂಚಿನ ಒಂದು ಊಟದ ಮನೆಯಿದೆ, ಫಲಕವಿಲ್ಲ. ಬಿಸಿ ಮುದ್ದೆ, ಕಾಟ್ಲಾ ಮೀನಿನ ಸಾರು, ಕೊನೆಯಲ್ಲಿ ಅನ್ನ ಮಜ್ಜಿಗೆ, ಎಲ್ಲಾ ಸೇರಿ 90 ರೂಪಾಯಿ. ಕೊತ್ತಂಬರಿ ಬೀಜವನ್ನು ಹದವಾಗಿ ಹುರಿದು ರುಬ್ಬಿದ ಘಮ, ಹುಣಸೆಹಣ್ಣಿನ ಹುಳಿ ಮೀನಿನ ಮುಳ್ಳಿನವರೆಗೂ ಇಳಿದಿತ್ತು. ಬಡಿಸುವ ಅಜ್ಜಿ ಕೇಳದೆಯೇ ಎರಡನೆಯ ಸಲ ಸಾರು ಹಾಕಿದರು. ಅಂದು ರಾತ್ರಿ 1,800 ರೂಪಾಯಿ ಕೊಟ್ಟು ಮಲಗಿದ ಕೋಣೆಯಲ್ಲಿ ನೀರೂ ಬರಲಿಲ್ಲ, ನಿದ್ದೆಯೂ ಬರಲಿಲ್ಲ. ಮೂರೂ ದಿನ ಊಟಕ್ಕೆ ಮಾತ್ರ ಆ ಅಜ್ಜಿಯ ಬಳಿಗೇ ಹೋದೆವು.

ಮೀನು ಹಿಡಿಯುವ ಹಕ್ಕು ಗುತ್ತಿಗೆಗೆ ಹೋಗಿರುತ್ತದೆ, ದೋಣಿ ಇಳಿಸಲೂ ಒಪ್ಪಿಗೆ ಬೇಕು. ಬಾಯಿಮಾತನ್ನು ನಂಬಬೇಡಿ, ಕಾಗದದಲ್ಲಿ ಪಡೆದುಕೊಳ್ಳಿ. ನಮಗೆ ಒಂದಿಡೀ ದಿನ ಅದಕ್ಕೇ ಹೋಯಿತು.

ಅಣೆಕಟ್ಟೆಯ ಬಳಿ ಭಾನುವಾರದ ಜನಜಂಗುಳಿ ನನಗೆ ಆಗದು. ಹೊಸದುರ್ಗದ ಕಡೆಯ ಹಿನ್ನೀರು ಎಷ್ಟೋ ಮೇಲು, ಆದರೆ ಅಲ್ಲಿ ಅಪಾಯ ನೀರಿನೊಳಗಿದೆ. 1933ರಲ್ಲಿ ಕೋಡಿ ಬಿದ್ದಿದ್ದ ಈ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವಿನ ವರ್ಷಗಳಲ್ಲಿ ನೀರು ಕಾಣದ ಅಂಚುಗಳಲ್ಲಿ ಜಾಲಿ ಬೆಳೆದಿತ್ತು, ತೋಟಗಳೂ ಎದ್ದಿದ್ದವು. ಅವು ಈಗ ಮುಳುಗಿವೆ. ದಡದಿಂದ ನೂರು ಮೀಟರ್ ದೂರದಲ್ಲಿ ಜಾಲಿಯ ಬೊಡ್ಡೆಯೊಂದು ನಮ್ಮ ಪ್ರೊಪೆಲ್ಲರ್‌ನ ಒಂದು ರೆಕ್ಕೆಯನ್ನು ಮುರಿಯಿತು. ದಡದ ಹತ್ತಿರ ಎಂಜಿನ್ ಎತ್ತಿಕೊಂಡು ಹುಟ್ಟು ಹಾಕಿ. ತೇಲುವ ಪ್ಲಾಸ್ಟಿಕ್ ಬಾಟಲಿ ಕಂಡರೆ ಕೆಳಗೆ ಬಲೆಯಿರುತ್ತದೆ, ಸುತ್ತು ಹಾಕಿ ಹೋಗಿ. ಅದು ಇನ್ನೊಬ್ಬರ ಅನ್ನ.

ಗಾಳಕ್ಕೆ ಕಡಲೆಕಾಯಿ ಹಿಂಡಿ ಮತ್ತು ರಾಗಿ ಹಿಟ್ಟು ಕಲಸಿದ ಉಂಡೆ ಸಾಕು. ಬೆಳಕು ಹರಿಯುವ ಮೊದಲೇ ಕುಳಿತರೆ ರೋಹು ಸಿಗುತ್ತದೆ. ಆಷಾಢದಲ್ಲಿ ಹನ್ನೊಂದರ ಹೊತ್ತಿಗೆ ಗಾಳಿ ಏಳುತ್ತದೆ. ಬೆಳಿಗ್ಗೆ ಗಾಳಿಗೆ ಎದುರಾಗಿ ಹೋಗಿ, ಎಂಜಿನ್ ಕೈಕೊಟ್ಟರೂ ಗಾಳಿಯೇ ನಿಮ್ಮನ್ನು ಹೊರಟ ದಡಕ್ಕೆ ತರುತ್ತದೆ. ಮುರಿದ ರೆಕ್ಕೆಯೊಂದಿಗೆ ನಾವು ಮರಳಿದ್ದು ಹಾಗೆಯೇ.